ನಗೆಯ ದೊರೆ ನರಸಿಂಹರಾಜು

ಕನ್ನಡ ಚಿತ್ರಗಳ ಹಾಸ್ಯನಟ ಟಿ.ಆರ್. ನರಸಿಂಹರಾಜು ಹುಟ್ಟಿದ್ದು 1923ರ ಜುಲೈ 24ರಂದು, ತಿಪಟೂರಿನಲ್ಲಿ. ಗಿಡ್ಡ ಆಳು, ಸಣಕಲು ಮೈ, ಮುಂದೆ ಬಂದ ಉಬ್ಬುಹಲ್ಲು. ಇವೇ ಅವರ ಬಂಡವಾಳವಾದವು.

ಚಿಕ್ಕ ಹುಡುಗನಾಗಿದ್ದಾಗಲೇ ನಾಟಕ ಕಂಪನಿ ಸೇರಿದ ಅವರು ಮುಂದೆ ಗುಬ್ಬಿ ಕಂಪನಿಯಲ್ಲೂ ಬಣ್ಣ ಹಚ್ಚಿದರು. ಕಂಪನಿ ನಾಟಕದಲ್ಲಿ ಮಾತು ಕೊನೆಯ ಸಾಲಿಗೂ ಮುಟ್ಟಬೇಕು. ಜನ ನಕ್ಕು ಮುಗಿಸುವ ತನಕ ಮುಂದಿನ ಮಾತನ್ನು ನಾಲಿಗೆಯಲ್ಲೇ ಹಿಡಿದಿಡಬೇಕು. ಆ ಹದ ಕ್ಯಾಮೆರಾ ಕಲಿಸುವಂಥದ್ದಲ್ಲ.

1954ರ 'ಬೇಡರ ಕಣ್ಣಪ್ಪ' ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ. ನರಸಿಂಹರಾಜು ತೆರೆಗೆ ಬಂದದ್ದೂ ಅದರಲ್ಲೇ. ಕನ್ನಡವೇ ಆದರೂ ರಾಯಚೂರು ಸೀಮೆಯ ಮಾನ್ವಿ, ದೇವದುರ್ಗ, ಬಾಗಲವಾಡದ ಕಡೆಯ ಮಾತಿನ ಧಾಟಿಯೇ ಬೇರೆ, ತಿಪಟೂರಿನದೇ ಬೇರೆ. ಆದರೆ ನರಸಿಂಹರಾಜು ಅವರ ಅರ್ಧ ಮಾತನ್ನು ಕಣ್ಣು, ಕತ್ತುಗಳೇ ಆಡುತ್ತಿದ್ದವು. ಚಾಪ್ಲಿನ್‌ನನ್ನು ನೋಡಿ ನಕ್ಕ ಮಕ್ಕಳಿಗೆ ಈ ಬಗೆ ಹೊಸತೇನಲ್ಲ.

ಕನ್ನಡ ಚಿತ್ರಗಳು ವಿರಳವಾಗಿದ್ದ ದಿನಗಳಲ್ಲಿ ಕಲಾವಿದರೇ ಸಂಘ ಕಟ್ಟಿಕೊಂಡು ಊರೂರಲ್ಲಿ ನಾಟಕವಾಡಿದರು. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಸೇರಿ 1960ರಲ್ಲಿ 'ರಣಧೀರ ಕಂಠೀರವ' ಚಿತ್ರವನ್ನೂ ತಯಾರಿಸಿದರು.

ಅವರ ಪಾತ್ರಗಳಲ್ಲಿ ಒಂದನ್ನೇ ಆರಿಸಬೇಕೆಂದರೆ 1965ರ 'ಸತ್ಯ ಹರಿಶ್ಚಂದ್ರ'ದ ನಕ್ಷತ್ರಿಕ. ರಾಜ್ಯ ಕಳೆದುಕೊಂಡ ದೊರೆ ಹೆಂಡತಿ, ಮಗನೊಡನೆ ಕಾಡುದಾರಿ ಹಿಡಿದಿದ್ದಾನೆ. ಬೆನ್ನಿಗೆ ಸಾಲ ವಸೂಲಿಗೆಂದು ವಿಶ್ವಾಮಿತ್ರನ ಶಿಷ್ಯ. ಕಷ್ಟವೆಲ್ಲ ಹರಿಶ್ಚಂದ್ರನದು; ಗೊಣಗಾಟವೆಲ್ಲ ಇವನದು! ಕಣ್ಣೀರಿನ ಕಥೆಯ ನಡುವೆ ಈ ಕಾಟಗಾರನಿಗೆ ನಗದೆ ಇರುವುದು ಕಷ್ಟ. ಹಳೆಯ ಕಾವ್ಯದ ಪೀಡಕನೊಬ್ಬ ಮಕ್ಕಳಿಗೂ ಬೇಕಾದವನಾದದ್ದು ನರಸಿಂಹರಾಜು ಅವರಿಂದ.

ಬಾಲಕೃಷ್ಣ ಅವರೊಂದಿಗಿನ ಜೋಡಿಯೂ ಅಷ್ಟೇ ಹೆಸರಾಯಿತು. ಬಾಲಣ್ಣ ಹೂಡುವ ಸಂಚು, ರಾಜು ಬೀಳುವ ಪೇಚು. 1974ರಲ್ಲಿ ತಾವೇ ಹಣ ಹಾಕಿ ತೆಗೆದ 'ಪ್ರೊಫೆಸರ್ ಹುಚ್ಚೂರಾಯ'ದಲ್ಲಿ ನರಸಿಂಹರಾಜು ಮುಖ್ಯ ಪಾತ್ರ ವಹಿಸಿದರು. ಹಾಸ್ಯನಟನ ಹೆಗಲ ಮೇಲೆ ಇಡೀ ಚಿತ್ರ ಹೊರಿಸುವುದು ಆಗ ಸಣ್ಣ ಧೈರ್ಯವೇನಲ್ಲ.

1979ರ ಜುಲೈ 11ರಂದು, 56 ತುಂಬಲು ಇನ್ನೆರಡು ವಾರವಷ್ಟೇ ಇರುವಾಗ ಅವರು ತೀರಿಕೊಂಡರು. 'ಸತ್ಯ ಹರಿಶ್ಚಂದ್ರ' 2008ರಲ್ಲಿ ಬಣ್ಣ ತುಂಬಿಸಿಕೊಂಡು ಮತ್ತೆ ಚಿತ್ರಮಂದಿರಕ್ಕೆ ಬಂದಾಗ ನಕ್ಷತ್ರಿಕನೂ ಸಾಲ ಕೇಳುತ್ತ ಬೆನ್ನಿಗೇ ಬಂದ.