ಮೂಳೆಯ ಬೂದಿಯಿಂದ ಹುಟ್ಟಿದ ಕಾರ್ಖಾನೆ

ಹೊಸ ಉದ್ಯಮ ಕಟ್ಟಲು ಹೊರಟ ಬೆಂಗಳೂರಿನ ತರುಣರ ಮಾತಿನಲ್ಲಿ ಇಂದು ಪದೇ ಪದೇ ಕೇಳಿಬರುವ ಪದಪುಂಜ ಮಿನಿಮಮ್ ವಯಬಲ್ ಪ್ರಾಡಕ್ಟ್. ಪರಿಪೂರ್ಣತೆಗಾಗಿ ಕಾಯದೆ, ಬಳಕೆಗೆ ಬರುವಷ್ಟನ್ನು ಮಾತ್ರ ತಯಾರಿಸಿ ಗ್ರಾಹಕನ ಕೈಗೆ ಕೊಡಬೇಕು. ಅವನು ಒಪ್ಪಿದರೆ ಮುಂದುವರಿಯಬೇಕು, ಒಪ್ಪದಿದ್ದರೆ ತಿದ್ದಿಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. ಎಷ್ಟು ಕಡಿಮೆಯಲ್ಲಿ ಆರಂಭಿಸಬಹುದು ಎಂಬ ಬಗ್ಗೆ ಈಗ ಬೇಕಾದಷ್ಟು ಚರ್ಚೆ ನಡೆಯುತ್ತದೆ. ಯಾವುದನ್ನು ಕಡಿಮೆ ಮಾಡಲಾಗದು ಎಂಬ ಪ್ರಶ್ನೆ ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ. ಈ ಪ್ರಶ್ನೆಯನ್ನು ತನ್ನ ಬದುಕಿನಲ್ಲೇ ಎದುರಿಸಿದವರು ಆಚಾರ್ಯ ಪ್ರಫುಲ್ಲಚಂದ್ರ ರಾಯ್.

1861ರ ಆಗಸ್ಟ್ 2ರಂದು, ಇಂದು ಬಾಂಗ್ಲಾದೇಶದಲ್ಲಿರುವ ರಾರುಲಿ ಗ್ರಾಮದಲ್ಲಿ ಜನಿಸಿದ ರಾಯ್, ಗಿಲ್‌ಕ್ರಿಸ್ಟ್ ವಿದ್ಯಾರ್ಥಿವೇತನ ಪಡೆದು ಎಡಿನ್‌ಬರೊಗೆ ತೆರಳಿ, 1887ರಲ್ಲಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಗಳಿಸಿದರು. ಮರುವರ್ಷ ಸ್ವದೇಶಕ್ಕೆ ಮರಳಿದ ಅವರು ಸುಮಾರು ಒಂದು ವರ್ಷ ಕೆಲಸವಿಲ್ಲದೆ ಕಳೆಯಬೇಕಾಯಿತು. ಶಿಕ್ಷಣ ಇಲಾಖೆಯ ಉನ್ನತ ಶ್ರೇಣಿ ಆಂಗ್ಲರಿಗೆ ಮೀಸಲಾಗಿದ್ದ ಕಾಲವದು. ಕೊನೆಗೆ 1889ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ತಿಂಗಳಿಗೆ 250 ರೂಪಾಯಿ ಸಂಬಳದ ಹುದ್ದೆ ಲಭಿಸಿತು.

ಪದವಿ ಮುಗಿಸಿದ ಬಂಗಾಳದ ಯುವಕರೆಲ್ಲ ಗುಮಾಸ್ತಿಕೆಯ ಬೆನ್ನು ಹತ್ತಿರುವುದು, ಔಷಧ ಹಾಗೂ ರಾಸಾಯನಿಕಗಳು ಹಡಗಿನಲ್ಲಿ ವಿದೇಶದಿಂದ ಬಂದಿಳಿಯುತ್ತಿರುವುದು, ಇವೆರಡೂ ಅವರನ್ನು ಕಾಡುತ್ತಿದ್ದವು. ಕೈಯಲ್ಲಿದ್ದ ಬಂಡವಾಳ ಸುಮಾರು 700 ರೂಪಾಯಿ. ರಾಸಾಯನಿಕ ಉದ್ಯಮಕ್ಕೆಲ್ಲ ತಾಯಿಬೇರಾದ ಗಂಧಕಾಮ್ಲದ ದೊಡ್ಡ ಸ್ಥಾವರ ಆ ಹಣಕ್ಕೆ ನಿಲುಕುವಂಥದ್ದಲ್ಲ. ಆದ್ದರಿಂದ 91, ಅಪ್ಪರ್ ಸರ್ಕ್ಯುಲರ್ ರಸ್ತೆಯ ತಮ್ಮ ಬಾಡಿಗೆ ಮನೆಯನ್ನೇ ಕಾರ್ಖಾನೆಯಾಗಿಸಿಕೊಂಡು, 1892ರ ಸುಮಾರಿಗೆ ಬೆಂಗಾಲ್ ಕೆಮಿಕಲ್ ಎಂಬ ಸಾಹಸಕ್ಕೆ ಕೈಹಾಕಿದರು. ಕಾಲೇಜು ಮುಗಿದ ಮೇಲಿನ ಸಂಜೆಗಳೆಲ್ಲ ಅಲ್ಲಿಯೇ ಕಳೆಯುತ್ತಿದ್ದವು. (ಸರ್ಕಾರಿ ನೌಕರನೊಬ್ಬ ಮನೆಯಲ್ಲಿ ಔಷಧ ತಯಾರಿಸಿ ಮಾರುತ್ತಿದ್ದಾನೆಂಬ ಕಡತ ನನ್ನ ಸೇವಾವಧಿಯಲ್ಲಿ ನನ್ನ ಮೇಜಿಗೆ ಬಂದಿದ್ದರೆ, ಕಾರಣ ಕೇಳುವ ನೋಟಿಸಿಗೆ ನಾನೇ ಸಹಿ ಹಾಕುತ್ತಿದ್ದೆನೋ ಏನೋ.)

ಮೊದಲ ಪ್ರಯೋಗ ನಿಂಬೆರಸದಿಂದ ಸಿಟ್ರಿಕ್ ಆಮ್ಲ ತೆಗೆಯುವುದು. ರಸಾಯನಶಾಸ್ತ್ರದ ದೃಷ್ಟಿಯಿಂದ ಅದರಲ್ಲಿ ತೊಡಕಿರಲಿಲ್ಲ, ತೊಡಕಿದ್ದುದು ಲೆಕ್ಕದಲ್ಲಿ. ಊಟದ ಎಲೆಗೆ ಹೋಗುವ ನಿಂಬೆಹಣ್ಣು ಕಾರ್ಖಾನೆಗೆ ಸಾಕಾಗುವಷ್ಟು ಅಗ್ಗವಾಗಿಯೂ ಹೇರಳವಾಗಿಯೂ ಸಿಗುತ್ತಿರಲಿಲ್ಲ. ರಾಯ್ ಅದನ್ನು ಕೈಬಿಟ್ಟರು. ಎಡಿನ್‌ಬರೊದಲ್ಲಿ ಕಲಿತು ಬಂದ ವಿದ್ವಾಂಸನೊಬ್ಬ ತನ್ನ ಮೊದಲ ಯೋಜನೆಯನ್ನು ಇಷ್ಟು ಬೇಗ ತೊರೆದದ್ದು ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಅವರ ಸಂಶೋಧನೆಗಳಷ್ಟೇ ದೊಡ್ಡದಾಗಿ ಕಾಣುತ್ತದೆ.

ಅನಂತರ ಆರಿಸಿಕೊಂಡದ್ದು, ಔಷಧವಾಗಿ ಬಳಕೆಯಲ್ಲಿದ್ದ ಸೋಡಿಯಂ ಫಾಸ್ಫೇಟ್. ಅದಕ್ಕೆ ಬೇಕಾದ ಕಚ್ಚಾವಸ್ತು ದನದ ಮೂಳೆ. ಕಸಾಯಿಗಳ ಬಳಿ ಪುಕ್ಕಟೆ ಎನ್ನುವಂತೆ ಸಿಗುತ್ತಿತ್ತು. ಮೂಳೆಯನ್ನು ಸುಟ್ಟು, ಬೂದಿಯನ್ನು ಗಂಧಕಾಮ್ಲದೊಂದಿಗೆ ಬೆರೆಸಿ, ಸೋಸಿ, ಸೋಡಾದಿಂದ ತಟಸ್ಥಗೊಳಿಸಿ ಹರಳುಗಟ್ಟಿಸಿದರೆ ಸರಕು ಸಿದ್ಧ. ಮೂಟೆಗಟ್ಟಲೆ ಮೂಳೆಗಳನ್ನು ಮನೆಯ ತಾರಸಿಯ ಮೇಲೆ ಒಣಗಲು ಹರಡಲಾಯಿತು. ಅಕಾಲದ ಮಳೆ ಸುರಿಯಿತು. ಅಂಟಿಕೊಂಡಿದ್ದ ಮಾಂಸ ಕೊಳೆತು ಹುಳುಬಿದ್ದಿತು. ಕಾಗೆಗಳು ಕಚ್ಚಿಕೊಂಡು ಹೋದ ಚೂರುಗಳು ಸಂಪ್ರದಾಯಸ್ಥ ನೆರೆಹೊರೆಯವರ ಅಂಗಳಗಳಲ್ಲಿ ಬಿದ್ದವು. ದೂರಿನ ಮೇಲೆ ದೂರು ಬಂದು, ಕೊನೆಗೆ ಊರ ಅಂಚಿನ ಮಾಣಿಕ್‌ತಲಾದ ಬಯಲಿಗೆ ಮೂಳೆಗಳನ್ನು ಸಾಗಿಸಿ ರಾತ್ರಿಯಲ್ಲಿ ಬೆಂಕಿ ಹಚ್ಚಿದರೆ, ಯಾರೋ ಕೊಲೆ ಮಾಡಿ ಹೆಣ ಸುಡುತ್ತಿದ್ದಾರೆಂದು ಪೊಲೀಸರು ಧಾವಿಸಿ ಬಂದರು!

ಸರಕೇನೋ ಸಿದ್ಧವಾಯಿತು, ಕೊಳ್ಳುವವರು ಬೇಕಲ್ಲ. ವಿಲಾಯಿತಿ ಚೀಟಿಯಿದ್ದ ಸೀಸೆ ತಾನಾಗಿಯೇ ಖರ್ಚಾಗುವಾಗ, ಹೆಸರೇ ಕೇಳದ ಸ್ವದೇಶಿ ಔಷಧವನ್ನು ಇಟ್ಟುಕೊಳ್ಳಲು ಔಷಧ ವ್ಯಾಪಾರಿಗಳು ಹಿಂಜರಿದರು. ಆಗ ಕೈಜೋಡಿಸಿದವರು ವೈದ್ಯ ಅಮೂಲ್ಯಚರಣ ಬೋಸ್. ಅವರು ತಾವೂ ಬರೆದುಕೊಟ್ಟರು, ರಾಧಾಗೋವಿಂದ ಕರ್, ನೀಲರತನ ಸರ್ಕಾರ್ ಅವರಂಥ ಹೆಸರಾಂತ ವೈದ್ಯರಿಂದಲೂ ಬರೆಸಿದರು. ಆಡುಸೋಗೆಯ ಪಾನಕ, ಓಮದ ನೀರು, ಕಾಲಮೇಘದ ಸತ್ವ ಮೊದಲಾದ ನಾಟಿ ಮದ್ದುಗಳನ್ನು ಆಧುನಿಕ ಕ್ರಮದಲ್ಲಿ ತಯಾರಿಸುವ ಹಾದಿ ಹೀಗೆ ತೆರೆಯಿತು. ಗುಣಮಟ್ಟದಲ್ಲಿ ಮಾತ್ರ ರಾಯ್ ಒಂದಿನಿತೂ ಬಿಟ್ಟುಕೊಡಲಿಲ್ಲ. ಬ್ರಿಟಿಷ್ ಔಷಧ ಸಂಹಿತೆ ವಿಧಿಸಿದ ಶುದ್ಧತೆಗೆ ಕಡಿಮೆಯಾದದ್ದನ್ನು ಮಾರಿ, ರೋಗಿಯ ಅನುಭವದಿಂದ ಪಾಠ ಕಲಿಯುವ ಸ್ವಾತಂತ್ರ್ಯ ಔಷಧ ತಯಾರಕನಿಗಿಲ್ಲ. ಬಂಡವಾಳ, ಜಾಗ, ಸರಕಿನ ಪಟ್ಟಿ ಎಲ್ಲವೂ ಕಿರಿದಾಗಿದ್ದವು, ಸೀಸೆಯೊಳಗಿನದು ಪೂರ್ಣವಾಗಿತ್ತು.

ಈ ಕಿರಿದುತನಕ್ಕೆ ತೆತ್ತ ಬೆಲೆಯೂ ಇದೆ, ಯಶೋಗಾಥೆಗಳಲ್ಲಿ ಅದು ಕಾಣಸಿಗುವುದಿಲ್ಲ. ಅಮೂಲ್ಯಚರಣರ ಬಂಧು ಸತೀಶ್‌ಚಂದ್ರ ಸಿನ್ಹಾ, ರಸಾಯನಶಾಸ್ತ್ರದ ಎಂ.ಎ. ಪದವೀಧರ, ಸಂಸ್ಥೆಗೆ ಸೇರಿ ರಾಯ್ ಅವರ ಬಲಗೈಯಂತಾಗಿದ್ದರು. ಪ್ರಸಿಕ್ ಆಮ್ಲದೊಂದಿಗೆ ಕೆಲಸ ಮಾಡುವಾಗ ವಿಷವೇರಿ ಆ ತರುಣ ಅಸುನೀಗಿದ. 1898ರಲ್ಲಿ ಅಮೂಲ್ಯಚರಣರನ್ನು ಪ್ಲೇಗ್ ಬಲಿ ತೆಗೆದುಕೊಂಡಿತು. ನಾಲ್ಕಾರು ಜನರನ್ನೇ ನೆಚ್ಚಿದ್ದ ಸಂಸ್ಥೆಯಲ್ಲಿ ಇಬ್ಬರು ಇಲ್ಲವಾದರು. ವಿಷಾನಿಲ ಹೊರಹೋಗುವ ವ್ಯವಸ್ಥೆಯುಳ್ಳ ಪ್ರಯೋಗಾಲಯವಿದ್ದಿದ್ದರೆ ಸತೀಶ್ ಬದುಕುತ್ತಿದ್ದರೇ ಎಂದು ಇಂದು ನಿರ್ಧರಿಸಿ ಹೇಳಲಾಗದು. ಮನೆಯನ್ನೇ ಕಾರ್ಖಾನೆ ಮಾಡಿಕೊಂಡವರಿಗೆ ಆ ಪ್ರಶ್ನೆಯಿಂದ ಬಿಡುಗಡೆಯೂ ಇಲ್ಲ. ರಾಯ್ ಕಾರ್ಖಾನೆ ಮುಚ್ಚಲಿಲ್ಲ. ಒಬ್ಬರೇ ಹೊರೆ ಹೊತ್ತು ನಡೆದರು.

1901ರಲ್ಲಿ ಸಂಸ್ಥೆ ಬೆಂಗಾಲ್ ಕೆಮಿಕಲ್ ಅಂಡ್ ಫಾರ್ಮಸ್ಯೂಟಿಕಲ್ ವರ್ಕ್ಸ್ ಎಂಬ ಸೀಮಿತ ಕಂಪನಿಯಾಯಿತು. ಮೂಳೆ ಸುಟ್ಟ ಮಾಣಿಕ್‌ತಲಾದಲ್ಲೇ 1905ರಲ್ಲಿ ದೊಡ್ಡ ಕಾರ್ಖಾನೆ ಎದ್ದಿತು. 700 ರೂಪಾಯಿಗೆ ಎಟುಕದಿದ್ದ ಗಂಧಕಾಮ್ಲದ ಸ್ಥಾವರವೂ ಬಂದಿತು. 1903ರಲ್ಲಿ ಸೇರಿದ ರಾಜಶೇಖರ ಬಸು ಮುಂದೆ ಅದರ ಆಡಳಿತ ಹೊತ್ತರು; ಪರಶುರಾಮ ಎಂಬ ಕಾವ್ಯನಾಮದ ಹಾಸ್ಯಲೇಖಕರು ಇವರೇ.

ಸಂಶೋಧಕರಾಗಿ, ಪ್ರಾಚೀನ ಭಾರತದ ರಸಾಯನಶಾಸ್ತ್ರದ ಇತಿಹಾಸಕಾರರಾಗಿ ರಾಯ್ ಅವರ ಸಾಧನೆ ಬೇರೆಯೇ ಲೇಖನಕ್ಕೆ ವಸ್ತು. ಅವಿವಾಹಿತರಾಗಿದ್ದ ಅವರು 1916ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಿಂದ ವಿಶ್ವವಿದ್ಯಾಲಯದ ವಿಜ್ಞಾನ ಕಾಲೇಜಿಗೆ ಬಂದು, ಅಲ್ಲಿನ ಒಂದು ಕೋಣೆಯಲ್ಲೇ ಬಾಳಿದರು. 60 ತುಂಬಿದಾಗ, 1921ರಲ್ಲಿ, ಮುಂದಿನ ಸಂಬಳವನ್ನೆಲ್ಲ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. 1922ರಲ್ಲಿ ಉತ್ತರ ಬಂಗಾಳ ನೆರೆಯಲ್ಲಿ ಮುಳುಗಿದಾಗ ಪರಿಹಾರ ಕಾರ್ಯದ ಮುಂಚೂಣಿಯಲ್ಲಿದ್ದರು. 1944ರ ಜೂನ್ 16ರಂದು ಅದೇ ಕಾಲೇಜಿನ ಕೋಣೆಯಲ್ಲಿ ಕೊನೆಯುಸಿರೆಳೆದರು. ಅವರ ಕಂಪನಿ ನಷ್ಟಕ್ಕಿಳಿದು 1977ರಲ್ಲಿ ಕೇಂದ್ರ ಸರ್ಕಾರದ ಆಡಳಿತಕ್ಕೆ ಸೇರಿತು, 1980ರಲ್ಲಿ ರಾಷ್ಟ್ರೀಕರಣಗೊಂಡಿತು. 2020ರಲ್ಲಿ ಕೋವಿಡ್ ಹರಡಿ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಗಾಗಿ ಹುಡುಕಾಟ ನಡೆದಾಗ, ಫಿನೈಲ್ ಮತ್ತು ನುಸಿಗುಳಿಗೆಗೆ ಹೆಸರಾಗಿದ್ದ ಈ ಹಳೆಯ ಕಂಪನಿಯ ಹೆಸರು ಕೆಲ ದಿನ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು.