ಕೃಷ್ಣದೇವರಾಯನೂ ರಾಯಚೂರಿನ ವಿಜಯವೂ

ಪ್ರಾಚೀನ ಜಗತ್ತಿನ ಮಹಾಸೈನ್ಯಗಳನ್ನು ತೂಗಿ ನೋಡುವವರು ಸಾಮಾನ್ಯವಾಗಿ ಎಣಿಕೆಯಿಂದಲೇ ಆರಂಭಿಸುವರು. ಪಾರಸಿಕ ದೊರೆ ಕ್ಸರ್ಕ್ಸೀಸನು ಗ್ರೀಸಿನ ಮೇಲೆ 17 ಲಕ್ಷ ಕಾಲಾಳುಗಳನ್ನು ತಂದನೆಂದು ಹೆರೊಡೋಟಸನು ಬರೆದಿಟ್ಟನು. ಲೆಕ್ಕವು ನಂಬತಕ್ಕದ್ದಲ್ಲ, ದಂಡು ಮಾತ್ರ ಸೋತು ಹಿಂದಿರುಗಿದುದು ನಿಜ. ಹ್ಯಾನಿಬಾಲನು ಕ್ರಿ. ಪೂ. 216ರಲ್ಲಿ ಕ್ಯಾನೆಯ ಬಯಲಿನಲ್ಲಿ ತನಗಿಂತ ದೊಡ್ಡದಾದ ರೋಮನ್ ಸೈನ್ಯವನ್ನು ಸುತ್ತುಗಟ್ಟಿ ನಾಶಮಾಡಿದನು. ಆದರೂ ಆ ಜಯದಿಂದ ತನ್ನ ನಾಡಿಗೆ ನಿಲ್ಲುವ ಫಲವೊಂದನ್ನೂ ಗಳಿಸಲಿಲ್ಲ. ಕ್ರಿ. ಪೂ. 326ರಲ್ಲಿ ವಿತಸ್ತಾ ನದಿಯ ತೀರದಲ್ಲಿ ಪೌರವನನ್ನು ಸೋಲಿಸಿದ ಅಲೆಕ್ಸಾಂಡರನು ಅವನ ರಾಜ್ಯವನ್ನು ಅವನಿಗೇ ಮರಳಿ ಕೊಟ್ಟು, ಹಗೆಯನ್ನು ಕೆಳೆಯನನ್ನಾಗಿ ಮಾಡಿಕೊಂಡನು. ಗೆದ್ದ ಮರುದಿನ ದಂಡನಾಯಕನು ಹೇಗೆ ನಡೆದುಕೊಂಡನೆಂಬುದೇ ಅವನ ನಿಜವಾದ ಪರೀಕ್ಷೆಯೆಂದು ನಾವು ಎಣಿಸುವೆವು. ಈ ಪರೀಕ್ಷೆಗೆ ಕರ್ನಾಟಕದ ಕೀರ್ತಿವಂತನಾದ ಕೃಷ್ಣದೇವರಾಯನನ್ನೂ ಒಡ್ಡಿ ನೋಡುವುದು ಯುಕ್ತವಾಗಿದೆ.

ತುಳುವ ನರಸನಾಯಕನಿಗೂ ನಾಗಲಾಂಬಿಕೆಗೂ ಮಗನಾಗಿ ಹುಟ್ಟಿದ ಈತನು ಅಣ್ಣ ವೀರನರಸಿಂಹನ ತರುವಾಯ 1509ರಲ್ಲಿ ವಿಜಯನಗರದ ಸಿಂಹಾಸನವನ್ನೇರಿದನು. ಮಂತ್ರಿ ತಿಮ್ಮರಸನ ಬುದ್ಧಿಬಲವು ಅವನಿಗೆ ಬೆಂಬಲವಾಗಿತ್ತು. ಮೊದಲು ಉಮ್ಮತ್ತೂರಿನ ಗಂಗರಾಜನನ್ನು ಅಡಗಿಸಿ, ಅನಂತರ ಪೂರ್ವದಿಕ್ಕಿಗೆ ನಡೆದು ಉದಯಗಿರಿ, ಕೊಂಡವೀಡು, ಕೊಂಡಪಲ್ಲಿ ದುರ್ಗಗಳನ್ನು ಒಂದಾದ ಮೇಲೊಂದರಂತೆ ಗೆದ್ದನು. ಕಳಿಂಗದ ಗಜಪತಿ ಪ್ರತಾಪರುದ್ರನು ಸಂಧಿಗೆ ಬಂದಾಗ ರಾಯನು ತೋರಿದ ವಿವೇಕವು ಮನನೀಯವಾದುದು. ಕೃಷ್ಣೆಯ ಉತ್ತರದ ನೆಲವನ್ನು ಗಜಪತಿಗೆ ಬಿಟ್ಟುಕೊಟ್ಟು, ಅವನ ಮಗಳನ್ನು ಮದುವೆಯಾಗಿ, ಹಗೆತನವನ್ನು ಬಾಂಧವ್ಯದಲ್ಲಿ ಮುಗಿಸಿದನು. ಪೌರವನ ವಿಷಯದಲ್ಲಿ ಅಲೆಕ್ಸಾಂಡರನು ಮೆರೆದ ಔದಾರ್ಯಕ್ಕೆ ಇದು ಯಾವ ರೀತಿಯಲ್ಲಿಯೂ ಕಡಿಮೆಯಾದುದಲ್ಲ.

ಇನ್ನು ನಮ್ಮ ಸೀಮೆಯ ಮಾತು. ಕೃಷ್ಣೆಯ ಕಡೆಗೆ ದೇವದುರ್ಗ, ತುಂಗಭದ್ರೆಯ ಕಡೆಗೆ ಮಾನವಿ, ಇವುಗಳ ಮೂಡಲಿಗೆ ರಾಯಚೂರು; ಎರಡು ಹೊಳೆಗಳ ನಡುವಣ ಈ ನೆಲಕ್ಕಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ತಲೆಮಾರುಗಳವರೆಗೆ ಕಾದಾಡಿದರು. ಬಹಮನಿ ರಾಜ್ಯವು ಒಡೆದ ಮೇಲೆ ಈ ಹಗೆಯು ಬಿಜಾಪುರದ ಆದಿಲಶಾಹಿಗಳ ಪಾಲಿಗೆ ಬಂದಿತು. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಎದ್ದ ರಾಯಚೂರಿನ ಕೋಟೆಯೇ ಈ ನಾಡಿನ ಬೀಗವಾಗಿತ್ತು.

1520ರಲ್ಲಿ ಕೃಷ್ಣದೇವರಾಯನು ಈ ಕೋಟೆಗೆ ಮುತ್ತಿಗೆ ಹಾಕಿದನು. ಪೋರ್ತುಗೀಸ್ ವರ್ತಕ ನ್ಯೂನಿಜನು ರಾಯನ ದಂಡಿಗೆ 7,03,000 ಕಾಲಾಳು, 32,600 ಕುದುರೆ, 551 ಆನೆಗಳನ್ನು ಲೆಕ್ಕ ಹಾಕಿದ್ದಾನೆ. ಹೆರೊಡೋಟಸನ ಲೆಕ್ಕದಂತೆ ಇದನ್ನೂ ಅಳೆದು ಸುರಿದೇ ನಂಬಬೇಕು. ಗೋಡೆಯ ಕಲ್ಲುಗಳನ್ನು ಕಿತ್ತು ತಂದವರಿಗೆ ಕಲ್ಲಿನ ಗಾತ್ರಕ್ಕೆ ತಕ್ಕಂತೆ ಹಣ ಕೊಡಲಾಗುತ್ತಿತ್ತೆಂದು ಅವನೇ ತಿಳಿಸಿದ್ದಾನೆ. ಅಷ್ಟರಲ್ಲಿ ಇಸ್ಮಾಯಿಲ್ ಆದಿಲಶಹನು ಕೃಷ್ಣೆಯನ್ನು ದಾಟಿ ಬಂದನು. ಮೇ 19ರಂದು ಯುದ್ಧವಾಯಿತು. ಆದಿಲಶಹನ ತೋಪುಗಳು ಗರ್ಜಿಸಲು ರಾಯನ ಮುಂದಣ ಪಡೆ ಚದರಿ ಹಿಮ್ಮೆಟ್ಟಿತು. ಸೋಲು ಕಣ್ಣೆದುರಿಗಿತ್ತು. ಆಗ ರಾಯನು ತಾನೇ ಕುದುರೆಯನ್ನೇರಿ, ಉಳಿದ ಪಡೆಯನ್ನು ಕೂಡಿಸಿ ಮುನ್ನುಗ್ಗಿದನು. ಶತ್ರುಸೈನ್ಯವು ಹೊಳೆಯವರೆಗೆ ಓಡಿತು. ಬಹು ಮಂದಿ ನೀರಿನಲ್ಲಿ ಮುಳುಗಿ ಸತ್ತರು. ಲಕ್ಷಗಳ ಎಣಿಕೆಯು ಮಾಡಲಾರದ ಕೆಲಸವನ್ನು ಒಬ್ಬನ ಧೈರ್ಯವು ಮಾಡಿತು. ಕೆಲವು ವಾರಗಳಲ್ಲಿ, ಪೋರ್ತುಗೀಸ್ ಬಂದೂಕಿನವರ ನೆರವಿನಿಂದ, ಕೋಟೆಯೂ ಕೈವಶವಾಯಿತು. ಊರನ್ನು ಸೂರೆಮಾಡಕೂಡದೆಂದು ರಾಯನು ಅಪ್ಪಣೆ ಕೊಡಿಸಿ, ಜನರಿಗೆ ಅಭಯವಿತ್ತನು. ಇಲ್ಲಿಯವರೆಗೆ ಅವನ ನಡತೆಯು ನಿಷ್ಕಳಂಕವಾದುದು.

ಆದರೆ ಆಮೇಲೆ? ಕಳೆದುಕೊಂಡುದನ್ನು ಮರಳಿ ಕೊಡಬೇಕೆಂದು ಆದಿಲಶಹನ ರಾಯಭಾರಿ ಬಂದಾಗ, ಸುಲ್ತಾನನು ತಾನೇ ಬಂದು ತನ್ನ ಪಾದವನ್ನು ಚುಂಬಿಸಿದರೆ ಕೊಡುವೆನೆಂದು ರಾಯನು ಉತ್ತರವಿತ್ತನಂತೆ. ಸುಲ್ತಾನನು ಬರಲಿಲ್ಲ, ರಾಯನ ದಂಡು ಬಿಜಾಪುರದವರೆಗೂ ನಡೆದು ಆ ಪಟ್ಟಣಕ್ಕೆ ಹಾನಿಯನ್ನುಂಟುಮಾಡಿತು. ಗಜಪತಿಯೊಡನೆ ಅಷ್ಟು ವಿವೇಕದಿಂದ ನಡೆದುಕೊಂಡವನು ಇಲ್ಲಿ ವಿವೇಕವನ್ನು ಮರೆತನು. ಕಸಿದುಕೊಂಡ ಕೋಟೆಯನ್ನು ಸೋತವನು ಒಂದು ದಿನ ಮರೆತಾನು, ಅಪಮಾನವನ್ನು ಮರೆಯಲಾರನು. 1529ರಲ್ಲಿ ರಾಯನು ಕಾಲವಾದನು. ಮರುವರ್ಷವೇ ಆದಿಲಶಹನು ರಾಯಚೂರನ್ನೂ ಮುದಗಲ್ಲನ್ನೂ ಮರಳಿ ಹಿಡಿದನು. 1565ರಲ್ಲಿ ಸುಲ್ತಾನರು ಒಟ್ಟುಗೂಡಿ ವಿಜಯನಗರದ ಸೈನ್ಯವನ್ನು ಮುರಿದರು. ಆ ದುರಂತಕ್ಕೆ ಅಳಿಯ ರಾಮರಾಯನ ಕಾಲದ ರಾಜಕಾರಣವೇ ಮುಖ್ಯ ಕಾರಣವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಸೋತವನನ್ನು ಹೀನಯಿಸುವ ಚಾಳಿಯು ರಾಮರಾಯನಿಂದಲೇ ಮೊದಲಾಯಿತೆಂದು ಹೇಳಲಾಗದು.

ಇದನ್ನು ಹೇಳುವುದರಿಂದ ರಾಯನ ಕೀರ್ತಿಗೆ ಕುಂದೆಂದು ಕೆಲವರು ಬಗೆದಾರು. ನಾವು ಹಾಗೆ ಬಗೆಯುವುದಿಲ್ಲ. ಕವಿಯೂ ವೀರನೂ ಪ್ರಜಾವತ್ಸಲನೂ ಆದ ಇಂಥ ಅರಸು ನಮ್ಮ ನಾಡಿನಲ್ಲಿ ಮತ್ತೊಬ್ಬನು ಹುಟ್ಟಲಿಲ್ಲ. ದೊಡ್ಡವರ ಗುಣವನ್ನು ಹಾಡುವಂತೆ ಅವರ ತಪ್ಪನ್ನು ತಿಳಿದುಕೊಳ್ಳುವುದೂ ದೇಶಾಭಿಮಾನದ ಒಂದು ಅಂಗವೇ ಸರಿ. ರಾಯಚೂರಿನ ಕೋಟೆಯ ಕೆಳಗೆ ದಿನವೂ ಓಡಾಡುವ ನಮ್ಮ ಪಟ್ಟಣಿಗರೂ ಅಧಿಕಾರಿಗಳೂ ಆ ಕಲ್ಲುಗಳನ್ನು ಕಂಡಾಗ ಎರಡನ್ನೂ ನೆನೆಯಲಿ: ಚದರಿದ ಪಡೆಯನ್ನು ಕೂಡಿಸಿದ ಧೈರ್ಯವನ್ನು, ಗೆದ್ದ ಮೇಲೆ ತಪ್ಪಿದ ತಾಳ್ಮೆಯನ್ನು. ಅಧಿಕಾರವು ಕೈಗೆ ಬಂದವನು, ಎದುರಾಳಿಯ ಮಾನವನ್ನು ಉಳಿಸಿದಷ್ಟೂ ತನ್ನ ಗೆಲುವನ್ನು ಉಳಿಸಿಕೊಳ್ಳುವನು.