ತಂತಿಯ ಹಂಗು ತೊರೆದ ಸಂದೇಶ

ಬೆಂಗಳೂರಿನಿಂದ ಜೋಲಾರಪೇಟೆಯ ಕಡೆಗೆ ಸಾಗುವ ರೈಲುಮಾರ್ಗದಲ್ಲಿ, ಕೋಲಾರದ ಚಿನ್ನದ ಗಣಿಗಳಿಗೆ ದಾರಿ ಕವಲೊಡೆಯುವ ನಿಲ್ದಾಣವೇ ಬಂಗಾರಪೇಟೆ. ಹಿಂದೆ ಅದಕ್ಕೆ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂತಹ ನಿಲ್ದಾಣಗಳಿಗೆ ಸುದ್ದಿ ಬರುತ್ತಿದ್ದುದು ಹಳಿಯ ಬದಿಯ ಕಂಬಗಳಲ್ಲಿ ಹಾಯ್ದ ತಂತಿಯ ಮೂಲಕ. ಆದರೆ ನಿಲ್ದಾಣವನ್ನು ಬಿಟ್ಟು ಹೊರಟ ರೈಲಿಗೆ ಸುದ್ದಿ ಮುಟ್ಟಿಸುವ ಉಪಾಯವಿರಲಿಲ್ಲ. ಚಲಿಸುವ ಬಂಡಿಯ ಹಿಂದೆ ತಂತಿಯನ್ನು ಎಳೆದುಕೊಂಡು ಹೋಗುವುದುಂಟೆ? ಕಡಲಿಗಿಳಿದ ಹಡಗಿನ ಪಾಡಂತೂ ಇನ್ನೂ ಕಠಿನ. ಕರೆಯಿಂದ ಮರೆಯಾದ ಮೇಲೆ ಅದು ಮುಳುಗಿತೋ ತೇಲಿತೋ ಬಲ್ಲವರಿಲ್ಲ. ಈ ಕೊರತೆಯನ್ನು ನೀಗಿಸಿದವರಲ್ಲಿ ಗುಗ್ಲಿಯೆಲ್ಮೊ ಮಾರ್ಕೋನಿ ಮುಖ್ಯನಾದವನು.

ಮಾರ್ಕೋನಿ 1874ರ ಏಪ್ರಿಲ್ 25ರಂದು ಇಟಲಿಯ ಬೊಲೋನ್ಯದಲ್ಲಿ ಜನಿಸಿದನು. ತಂದೆ ಸಿರಿವಂತ ಜಮೀನುದಾರ, ತಾಯಿ ಐರ್ಲೆಂಡಿನವಳು. ಹುಡುಗನು ವಿಶ್ವವಿದ್ಯಾನಿಲಯದ ಪದವಿಯನ್ನೇನೂ ಪಡೆಯಲಿಲ್ಲ. ವಿದ್ಯುತ್ಕಾಂತ ಅಲೆಗಳು ಇವೆಯೆಂಬುದನ್ನು ಜರ್ಮನಿಯ ಹರ್ಟ್ಸ್ ಪ್ರಯೋಗದಿಂದ ತೋರಿಸಿದ್ದನು. ಆ ಅಲೆಗಳನ್ನೇ ಅಂಚೆಯವನನ್ನಾಗಿ ಮಾಡಿಕೊಳ್ಳಬಹುದೆಂಬ ಯೋಚನೆ ಈ ತರುಣನನ್ನು ಹಿಡಿಯಿತು. 1895ರಲ್ಲಿ ಹಳ್ಳಿಯ ಮನೆಯಿಂದ ಗುಡ್ಡದಾಚೆಗೆ ಸಂಕೇತವನ್ನು ಕಳಿಸಿದನು. ಅದು ತಲಪಿತೆಂಬುದನ್ನು ಅತ್ತಲಿಂದ ಬಂದೂಕಿನ ಸದ್ದೇ ಸಾರಿತು. ಅದೇ ಕಾಲದಲ್ಲಿ ನಮ್ಮ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಗೋಡೆಗಳನ್ನು ಹಾಯ್ದ ಅಲೆಗಳಿಂದ ಗಂಟೆ ಬಾರಿಸಿ ತೋರಿಸಿದ್ದರು. ಒಬ್ಬರಿಗೆ ಬೇಕಾದುದು ಅಲೆಗಳ ಸ್ವಭಾವ. ಇನ್ನೊಬ್ಬನಿಗೆ ಬೇಕಾದುದು ಅವುಗಳಿಂದ ಆಗುವ ಕೆಲಸ. ಮಾರ್ಕೋನಿಯದು ವ್ಯಾಪಾರಿಯ ಕಣ್ಣೂ ಹೌದು. 1896ರಲ್ಲಿ ಇಂಗ್ಲೆಂಡಿಗೆ ಹೋಗಿ ಸ್ವಾಮ್ಯದ ಹಕ್ಕಿಗೆ ಅರ್ಜಿ ಹಾಕಿದನು; ಮರುವರ್ಷ ಕಂಪನಿಯನ್ನೇ ಕಟ್ಟಿದನು.

1901ರ ಡಿಸೆಂಬರ್ 12ರಂದು ನ್ಯೂಫೌಂಡ್‌ಲೆಂಡಿನ ಬೆಟ್ಟವೊಂದರ ಮೇಲೆ ಗಾಳಿಪಟಕ್ಕೆ ಕಟ್ಟಿದ ತಂತಿಯನ್ನು ಹಾರಿಸಿ, ಅಟ್ಲಾಂಟಿಕ್ ಸಾಗರದ ಆಚೆಯ ಇಂಗ್ಲೆಂಡಿನಿಂದ ಬಂದ ಮೂರು ಚುಕ್ಕೆಗಳನ್ನು ಕೇಳಿದೆನೆಂದು ಆತನು ಸಾರಿದನು. ಅಂದು ಬಳಸಿದ ಪಾದರಸದ ಗ್ರಾಹಕವು ಬೋಸರು 1899ರಲ್ಲಿ ವಿವರಿಸಿದ್ದ ಸಾಧನವನ್ನೇ ಹೋಲುತ್ತಿತ್ತೆಂಬುದನ್ನು ನಾವು ಮರೆಯಲಾಗದು. ಕೇಳಿದವರು ಆತನೂ ಆತನ ಸಹಾಯಕನೂ ಮಾತ್ರ. ಕಿವಿಯಲ್ಲದೆ ಬೇರೆ ಸಾಕ್ಷಿಯಿರಲಿಲ್ಲ. ಹಲವರು ನಂಬಲಿಲ್ಲ. ನಂಬದಿದ್ದುದರಲ್ಲಿ ತಪ್ಪೂ ಇರಲಿಲ್ಲ.

ಮಾರ್ಕೋನಿ ಇದಕ್ಕೆ ವಾದದಿಂದ ಉತ್ತರ ಕೊಡಲಿಲ್ಲ. 1902ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯ ಎಂಬ ಹಡಗನ್ನೇರಿ ಪಶ್ಚಿಮಾಭಿಮುಖವಾಗಿ ಹೊರಟನು. ಈ ಸಲ ಕಿವಿಯನ್ನು ನೆಚ್ಚದೆ, ಬಂದ ಸಂಕೇತಗಳು ಕಾಗದದ ಪಟ್ಟಿಯ ಮೇಲೆ ತಾವಾಗಿ ಮೂಡುವಂತೆ ಯಂತ್ರವನ್ನು ಅಳವಡಿಸಿದನು. ದಿನದಿನಕ್ಕೂ ದೂರ ಸರಿಯುತ್ತಿದ್ದ ಹಡಗಿನಲ್ಲಿ ಚುಕ್ಕೆ ಗೆರೆಗಳು ಮೂಡುತ್ತಲೇ ಹೋದುವು. ರಾತ್ರಿಯ ವೇಳೆ ಸುಮಾರು 2,500 ಕಿಲೋಮೀಟರಿನಷ್ಟು ದೂರದವರೆಗೆ ಪೂರ್ಣ ಸಂದೇಶಗಳೇ ದೊರೆತುವು. ಹಗಲಿನಲ್ಲಿ ಅದರ ಅರ್ಧದೂರವೂ ಮುಟ್ಟಲಿಲ್ಲ. ಹಗಲಿಗೂ ಇರುಳಿಗೂ ಏಕೆ ಈ ಭೇದವೆಂಬುದು ಆತನಿಗೆ ತಿಳಿಯಲಿಲ್ಲ. ಮೇಲಣ ವಾಯುಮಂಡಲದ ವಿದ್ಯುತ್ಪದರಗಳ ಗುಟ್ಟು ಬಯಲಾಗಲು ಇನ್ನೂ ಎರಡು ದಶಕಗಳು ಬೇಕಾದುವು. ಚಲಿಸುವ ವಾಹನವು ದೂರದ ನೆಲದಿಂದ ಬರೆಹದ ಸುದ್ದಿಯನ್ನು ಪಡೆದ ಈ ಪಟ್ಟಿಗಳು, ಗಾಳಿಪಟದ ಪ್ರಸಂಗಕ್ಕಿಂತ ಹೆಚ್ಚಿನ ಬೆಲೆಯುಳ್ಳವು. ಅದೇ ವರ್ಷ ಶಿವನಸಮುದ್ರದ ವಿದ್ಯುತ್ತು ಸುಮಾರು 148 ಕಿಲೋಮೀಟರ್ ದೂರದ ಕೋಲಾರದ ಗಣಿಗಳಿಗೆ ತಂತಿಯ ಮೂಲಕವೇ ಹರಿದು ಬಂದಿತು. ಶಕ್ತಿಗೆ ತಂತಿ ಬೇಕು. ಸುದ್ದಿಗೆ ಇನ್ನು ಬೇಕಿರಲಿಲ್ಲ.

ಹಡಗುಗಳು ಒಂದೊಂದಾಗಿ ಪ್ರೇಷಕವನ್ನೂ ಗ್ರಾಹಕವನ್ನೂ ಹೊತ್ತುಕೊಂಡುವು. ಕೇಳುವುದಷ್ಟೇ ಅಲ್ಲ, ಮರುನುಡಿಯುವುದೂ ಸಾಧ್ಯವಾಯಿತು. 1909ರಲ್ಲಿ ರಿಪಬ್ಲಿಕ್ ಎಂಬ ಹಡಗು ಮಂಜಿನಲ್ಲಿ ಮತ್ತೊಂದು ಹಡಗಿನೊಡನೆ ಡಿಕ್ಕಿಯಾದಾಗ ನಿಸ್ತಂತು ಕರೆ ಕೇಳಿ ನೆರವು ಬಂದಿತು. ಸಾವಿರಕ್ಕೂ ಹೆಚ್ಚು ಜೀವಗಳು ಉಳಿದುವು. ಆ ವರ್ಷವೇ ಮಾರ್ಕೋನಿಗೆ ಜರ್ಮನಿಯ ಬ್ರೌನನೊಡನೆ ನೊಬೆಲ್ ಪಾರಿತೋಷಕ ದೊರೆಯಿತು. 1912ರಲ್ಲಿ ಟೈಟಾನಿಕ್ ಮುಳುಗುತ್ತಿದ್ದಾಗಲೂ ಆತನ ಕಂಪನಿಯ ನೌಕರರೇ ಕಡೆಯವರೆಗೆ ಸಂಕೇತಗಳನ್ನು ಕಳಿಸುತ್ತಿದ್ದರು. ದೂರದ ಕಾರ್ಪೇಥಿಯ ಹಡಗು ಕೇಳಿ ಧಾವಿಸಿ ಸುಮಾರು 700 ಮಂದಿಯನ್ನು ಕಾಪಾಡಿತು. ಅದಕ್ಕಿಂತ ಹತ್ತಿರದಲ್ಲಿದ್ದ ಕ್ಯಾಲಿಫೋರ್ನಿಯನ್ ಕೇಳಲಿಲ್ಲ. ಅದರ ಒಬ್ಬನೇ ನಿಸ್ತಂತು ನೌಕರನು ಕೆಲಸ ಮುಗಿಸಿ ಮಲಗಿದ್ದನು. ಯಂತ್ರವಿದ್ದರಾಯಿತೆ, ಎಚ್ಚರವಿದ್ದ ಕಿವಿಯೂ ಬೇಕಷ್ಟೆ! ದೊಡ್ಡ ಹಡಗುಗಳಲ್ಲಿ ಹಗಲಿರುಳೂ ನಿಸ್ತಂತು ಕಾವಲಿರಬೇಕೆಂಬ ನಿಯಮ ಹುಟ್ಟಿದುದು ಈ ದುರಂತದ ಬಳಿಕ.

ಮುಂದಿನ ಬಾಳು ಸಂಪತ್ತಿನದು, ಕೀರ್ತಿಯದು. 1923ರಲ್ಲಿ ಮಾರ್ಕೋನಿ ಮುಸೊಲಿನಿಯ ಪಕ್ಷವನ್ನು ಸೇರಿದನು. ಆತನ ಜೀವನವನ್ನು ಬರೆಯುವವರು ಇದನ್ನು ಮುಚ್ಚಿಡಬಾರದು. 1937ರ ಜುಲೈ 20ರಂದು ರೋಮಿನಲ್ಲಿ ಆತನು ಮರಣಹೊಂದಿದನು. ಅಂತ್ಯಕ್ರಿಯೆಯ ಸಮಯದಲ್ಲಿ ಇಂಗ್ಲೆಂಡಿನ ಬಾನುಲಿ ಮತ್ತು ನಿಸ್ತಂತು ಕೇಂದ್ರಗಳು ಎರಡು ನಿಮಿಷ ತಮ್ಮ ಪ್ರೇಷಕಗಳನ್ನು ಮೌನವಾಗಿಸಿದುವು.